ಗೌರಿ ಹೂವಿನ ಗೆಡ್ಡೆ ಮೊಳೆಯದಿದ್ದರೆ, ಮೊಳೆತರೂ ಹೂ ಬಿಡದಿದ್ದರೆ

ನಿಮ್ಮ ಪ್ರಶ್ನೆ: ಜೂನ್‌ನಲ್ಲಿ ಕುಂಡದಲ್ಲಿ ನೆಟ್ಟ ಎರಡು ಗೌರಿ ಹೂವಿನ (ಅಗ್ನಿಶಿಖೆ) ಗೆಡ್ಡೆಗಳಲ್ಲಿ ಒಂದು ಮೊಳೆಯಲೇ ಇಲ್ಲ, ಇನ್ನೊಂದು ಮೂರು ಅಡಿ ಬೆಳೆದು ಹೂ ಬಿಡದೆ ಈಗ ಒಣಗುತ್ತಿದೆ. ಎರಡಕ್ಕೂ ಕಾರಣ ಗೆಡ್ಡೆಯಲ್ಲೇ ಇರಬೇಕು ಅಂತ ನನ್ನ ಅಂದಾಜು.

ಆಲೂಗಡ್ಡೆಯ ಹಾಗೆ ಇದಕ್ಕೆ ಮೈತುಂಬ ಕಣ್ಣುಗಳಿಲ್ಲ. ಕವಲುಕೋಲಿನ ಆಕಾರದ ಗೆಡ್ಡೆಯ ಒಂದೊಂದು ತೋಳಿನ ತುದಿಯಲ್ಲಿ ಒಂದೇ ಮೊಗ್ಗು. ಸಾಗಿಸುವಾಗ ಆ ತುದಿ ಮುರಿದರೆ ಉಳಿದ ತುಂಡು ತಿಂಗಳುಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ, ಮೊಳೆಯುವುದು ಮಾತ್ರ ಇಲ್ಲ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಆ ತುದಿಯನ್ನೇ. ಎರಡು ತೋಳುಗಳನ್ನು ಬೇರೆ ಮಾಡಬಹುದು, ಆದರೆ ಕೂಡುವ ಜಾಗದಲ್ಲಿ ಮಾತ್ರ ಬಿಡಿಸಿ, ಗಾಯ ಒಣಗಲು ಎರಡು ದಿನ ನೆರಳಲ್ಲಿಡಿ.

ಇನ್ನು ಹೂವಿನ ಮಾತು. ಗೆಡ್ಡೆ 50 ಗ್ರಾಂ ಆಸುಪಾಸಿದ್ದರೆ ಅದೇ ವರ್ಷ ಹೂ ನಿರೀಕ್ಷಿಸಬಹುದು. ಬೆರಳಿನಷ್ಟು ಸಣ್ಣದು ಎಲೆ ಬಿಟ್ಟು, ಹಳೆಯ ಗೆಡ್ಡೆಯನ್ನು ಕರಗಿಸಿ, ಅದರ ಜಾಗದಲ್ಲಿ ಹೊಸತನ್ನು ಕಟ್ಟಿಕೊಂಡು ಮಲಗುತ್ತದೆ. ಬೀಜದಿಂದ ಬೆಳೆಸಿದ ಗಿಡ ಹೂ ಬಿಡಲು ಮೂರು ನಾಲ್ಕು ವರ್ಷ ಕಾಯಿಸುವುದು ಇದಕ್ಕೇ. ಬುಡಕ್ಕೆ ನೆರಳಿದ್ದರೂ ಬಳ್ಳಿಯ ತಲೆಗೆ ಐದಾರು ಗಂಟೆ ಬಿಸಿಲು ಬೇಕು. ಯೂರಿಯಾ ಸುರಿದರೆ ಸೊಪ್ಪು ಹೆಚ್ಚುತ್ತದೆ ಅಷ್ಟೇ.

ಕುಂಡ ಕನಿಷ್ಠ 12 ಇಂಚು ಆಳ ಇರಲಿ. ಕೆಮ್ಮಣ್ಣು, ದಪ್ಪ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲು. ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಎರಡು ಮೂರು ಇಂಚು ಮಣ್ಣು ಮುಚ್ಚಿ. ಒಮ್ಮೆ ನೀರು ಹಾಕಿದ ಮೇಲೆ ಮೊಳಕೆ ಕಾಣುವವರೆಗೆ ಮಣ್ಣು ತುಸು ಪಸೆ ಇದ್ದರೆ ಸಾಕು. ಮೊಳೆಯಲಿಲ್ಲವೆಂದು ದಿನಾ ನೀರು ಹಾಕಿದರೆ ಒಳಗೇ ಕೊಳೆಯುತ್ತದೆ. ಹಾಳಾದ ಗೆಡ್ಡೆಗಳಲ್ಲಿ ಹೆಚ್ಚಿನವು ಇಂಥವೇ. ಕೆದಕಿ ನೋಡುವ ಚಪಲವೂ ಬೇಡ, ಎಳೆ ಮೊಳಕೆ ಗಾಜಿನಂತೆ ಮುರಿಯುತ್ತದೆ.

ಈ ಬಳ್ಳಿ ತನ್ನ ಕಾಂಡದಿಂದ ಆಸರೆಯನ್ನು ಸುತ್ತಿ ಹತ್ತುವುದಿಲ್ಲ. ಎಲೆಯ ತುದಿಯೇ ಸುರುಳಿಯಾಗಿ ಹಿಡಿದುಕೊಳ್ಳುತ್ತದೆ. ದಪ್ಪ ಬಿದಿರು ಅದರ ಹಿಡಿತಕ್ಕೆ ಸಿಗದು. ಸುತಲಿ ಅಥವಾ ತೆಳು ತಂತಿಯ ಬಲೆ ಕಟ್ಟಿ, ಅದೂ ಮೊಳಕೆ ಬರುವ ಮೊದಲೇ.

ಮಳೆಗಾಲದಲ್ಲಿ ಕಪ್ಪು ಮೈ ಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಹುಳು ಬಂದರೆ ಎರಡು ಮೂರು ದಿನದಲ್ಲಿ ಎಲೆಯೆಲ್ಲ ಮಾಯ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದೇ ಒಳ್ಳೆಯ ಉಪಾಯ. ಮರಿಹುಳುಗಳಿಗೆ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಎಲೆ ಹೋದ ವರ್ಷ ಹೊಸ ಗೆಡ್ಡೆ ಸಣ್ಣದಾಗುತ್ತದೆ, ಅದರ ಫಲ ಮುಂದಿನ ವರ್ಷ ಕಾಣುತ್ತದೆ.

ಕಾಯಿ ಕಟ್ಟಲಿಲ್ಲ ಎಂದು ಚಿಂತೆ ಬೇಡ. ಹೂವಿನ ಶಲಾಕೆ (ಪರಾಗ ಹಿಡಿಯುವ ತುದಿಯಿರುವ ಕಡ್ಡಿ) ಬುಡದಲ್ಲೇ ಪಕ್ಕಕ್ಕೆ ಬಾಗಿ ಪರಾಗದಿಂದ ದೂರ ನಿಲ್ಲುತ್ತದೆ. ಬೀಜ ಬೇಕಿದ್ದರೆ ಬೆಳಿಗ್ಗೆ ಕುಂಚದಿಂದ ಪರಾಗ ಮುಟ್ಟಿಸಿ, ಬೇರೆ ಗಿಡದ್ದಾದರೆ ಇನ್ನೂ ಒಳ್ಳೆಯದು.

ಈಗ ಒಣಗುತ್ತಿರುವ ಬಳ್ಳಿ ಸತ್ತಿಲ್ಲ, ನಿದ್ದೆಗೆ ಹೊರಟಿದೆ. ಹಸಿರಿರುವಾಗ ಕತ್ತರಿಸಬೇಡಿ. ನೀರು ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಕುಂಡವನ್ನು ಮಳೆ ತಾಕದ ಕಡೆ ಇಡಿ, ಇಲ್ಲವೇ ಗೆಡ್ಡೆ ತೆಗೆದು ಒಣ ಮರಳಿನಲ್ಲಿ ಮುಚ್ಚಿ. ಮೇ ಕೊನೆಗೆ ಮತ್ತೆ ನೆಡಿ. ಮೊಳೆಯದ ಗೆಡ್ಡೆಯನ್ನೂ ಅಗೆದು ನೋಡಿ: ಗಟ್ಟಿಯಾಗಿದ್ದು ತುದಿ ಸರಿಯಿದ್ದರೆ ಅದನ್ನೂ ಹಾಗೇ ಇಟ್ಟುಕೊಳ್ಳಿ. ತುದಿ ಇಲ್ಲದ್ದನ್ನು ದನಕರು ಮೇಯುವ ಕಡೆ ಎಸೆಯದೆ ಆಳಕ್ಕೆ ಹೂಳಿ. ಗಿಡದಲ್ಲೆಲ್ಲ, ಅದರಲ್ಲೂ ಗೆಡ್ಡೆ ಮತ್ತು ಬೀಜದಲ್ಲಿ, ಕಾಲ್ಚಿಸಿನ್ ಎಂಬ ಪ್ರಾಣ ತೆಗೆಯುವ ವಿಷವಿದೆ. ಗೆಡ್ಡೆ ನೋಡಲು ಗೆಣಸಿನ ಹಾಗಿರುವುದರಿಂದ ಮರಳಿನ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ‘ವಿಷ’ ಎಂದು ಬರೆಯಿರಿ. ಮುಟ್ಟುವಾಗ ಕೈಗವಸು ಇರಲಿ. ಯಾರಾದರೂ ತಿಂದರೆ ವಾಂತಿ ಬರಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಗೆಡ್ಡೆಯ ತುಂಡೊಂದನ್ನು ಜೊತೆಗೆ ಒಯ್ಯಿರಿ.