‘ಬೇಡ’ ಎಂದವರನ್ನೂ ಕೇಳಿ

ಪ್ರಿಯರೇ,

ಐರೋಪ್ಯ ಒಕ್ಕೂಟದ ಬಗ್ಗೆ ನೀವು ಕಳುಹಿಸಿದ ‘ಜನ ಮರುಳೋ ಜಾತ್ರೆ ಮರುಳೋ’ ಲೇಖನ ಓದಿದೆ. ಬರವಣಿಗೆ ಹದವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವಂತೆ ಪ್ರಕಟಿಸಲಾರೆ.

ಜನಪ್ರಿಯತಾವಾದಿ ನಾಯಕರು ಅಸ್ಮಿತೆಯ ಹೆಸರಿನಲ್ಲಿ ಅಮಾಯಕರನ್ನು ಮರುಳು ಮಾಡಿದ್ದರಿಂದ ಬ್ರಿಟನ್ ಹೊರಬಿತ್ತು ಎನ್ನುತ್ತೀರಿ. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳುಹಿಸುತ್ತಿದ್ದೇವೆ ಎಂದು ಬರೆದುಕೊಂಡು ಊರೂರು ಸುತ್ತಿದ ಕೆಂಪು ಬಸ್ಸಿನ ಲೆಕ್ಕ ತಪ್ಪೆಂದು ತೋರಿಸಿರುವುದು ಸರಿಯಾಗಿದೆ. ಆದರೆ ಅಸಮಾಧಾನ ಶುರುವಾದದ್ದು ಬ್ರಿಟನ್ನಿನ ಜನಮತಗಣನೆ ನಡೆದ 2016ರಲ್ಲಲ್ಲ.

2005ಕ್ಕೆ ಹೋಗಿ. ಒಕ್ಕೂಟಕ್ಕೆ ಒಂದು ಸಂವಿಧಾನ ಕೊಡಲು ರೂಪಿಸಿದ ಐರೋಪ್ಯ ಸಂವಿಧಾನದ ಒಪ್ಪಂದದಲ್ಲಿ 448 ವಿಧಿಗಳಿದ್ದವು. ಅದರ ಮೇಲಿನ ಜನಮತಗಣನೆಗೆ ಮುನ್ನ ಫ್ರಾನ್ಸ್ ಸರ್ಕಾರ ಅದನ್ನು ಮತದಾರರ ಮನೆಗಳಿಗೇ ಅಂಚೆಯಲ್ಲಿ ಕಳುಹಿಸಿತು. ಕಡಿಮೆ ಕೂಲಿಗೆ ದುಡಿಯಲು ಬರುವ ‘ಪೋಲೆಂಡಿನ ನಲ್ಲಿ ರಿಪೇರಿಯವನು’ ಆ ಚರ್ಚೆಯ ಗುಮ್ಮನಾದ, ನಿಜ. ಆದರೆ ಮಾಜಿ ಪ್ರಧಾನಿ, ಸಮಾಜವಾದಿ ಲೊರಾಂ ಫಾಬಿಯೂಸ್ ಕೂಡ ಸ್ವಂತ ಪಕ್ಷದ ನಿಲುವನ್ನು ಮೀರಿ ‘ಬೇಡ’ ಎಂದರು. ಅವರು ಅಮಾಯಕರೇ? ಮೇ 29ರಂದು ಸುಮಾರು ಶೇ 55 ಮಂದಿ ಒಪ್ಪಂದವನ್ನು ತಿರಸ್ಕರಿಸಿದರು. ಮೂರೇ ದಿನಗಳ ನಂತರ ನೆದರ್ಲೆಂಡ್ಸ್‌ನಲ್ಲಿ ಶೇ 61ಕ್ಕೂ ಹೆಚ್ಚು ಮಂದಿ ಅದನ್ನೇ ಮಾಡಿದರು. ಅಲ್ಲಿನ ಸಂಸತ್ತಿನ ದೊಡ್ಡ ಪಕ್ಷಗಳೆಲ್ಲ ಒಪ್ಪಂದದ ಪರವಾಗಿದ್ದವು.

ಆಮೇಲೆ ನಡೆದದ್ದೇ ನಿಮ್ಮ ಲೇಖನದ ತಿರುಳಾಗಬೇಕಿತ್ತು. ತಿರಸ್ಕೃತವಾದ ಆ ಒಪ್ಪಂದದ ಬಹುಪಾಲು ಅಂಶಗಳು 2007ರ ಲಿಸ್ಬನ್ ಒಪ್ಪಂದದಲ್ಲಿ ಮರಳಿ ಬಂದವು. ಈ ಸಲ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಜನರನ್ನು ಕೇಳಲಿಲ್ಲ, ಸಂಸತ್ತುಗಳೇ ಅನುಮೋದಿಸಿದವು. ಐರ್ಲೆಂಡಿನ ಜನ 2008ರಲ್ಲಿ ತಿರಸ್ಕರಿಸಿದಾಗ ಕೆಲವು ಭರವಸೆಗಳನ್ನು ಕೊಟ್ಟು, ಮರುವರ್ಷ ಮತ್ತೆ ಮತಕ್ಕೆ ಹಾಕಿ ಒಪ್ಪಿಗೆ ಪಡೆಯಲಾಯಿತು. ಕಾನೂನಿನಂತೆ ಎಲ್ಲವೂ ಸರಿಯೇ. ಆದರೆ ‘ನಮ್ಮ ಮಾತಿಗೆ ಬೆಲೆಯಿಲ್ಲ’ ಎಂದು ಮತದಾರರಿಗೆ ಅನ್ನಿಸಿದ್ದರೆ ಅದನ್ನು ಮರುಳು ಎನ್ನಲು ನನಗೆ ಮನಸ್ಸು ಬಾರದು. ಫ್ರಾನ್ಸಿನ ಕಟ್ಟಾ ಬಲಪಂಥೀಯ ನಾಯಕಿ ಮರೀನ್ ಲೆ ಪೆನ್‌ರಂಥವರು ಹುಸಿಯನ್ನಷ್ಟೇ ಬಳಸಿಕೊಳ್ಳಲಿಲ್ಲ, ಈ ನಿಜವಾದ ನೋವನ್ನೂ ಬಳಸಿಕೊಂಡರು. ಅವರನ್ನು ಎದುರಿಸುವ ಲೇಖನ ಈ ಭಾಗವನ್ನು ಬಿಟ್ಟರೆ ಅವರಿಗೇ ಅನುಕೂಲ.

ಇನ್ನೊಂದು ಮಾತು. ನಾಡಿನ ಅಭಿಮಾನವೆಂದರೆ ಯುರೋಪಿನ ವಿರೋಧ ಎಂದು ಬರೆದಿದ್ದೀರಿ. 2016ರಲ್ಲಿ ಸ್ಕಾಟ್ಲೆಂಡಿನಲ್ಲಿ ಶೇ 62 ಮಂದಿ ಒಕ್ಕೂಟದಲ್ಲೇ ಉಳಿಯಲು ಮತ ಹಾಕಿದರು. ಅಲ್ಲಿನ ರಾಷ್ಟ್ರೀಯವಾದಿ ಪಕ್ಷಕ್ಕೆ ಬ್ರಿಟನ್ನಿನಿಂದ ಸ್ವಾತಂತ್ರ್ಯವೂ ಬೇಕು, ಒಕ್ಕೂಟವೂ ಬೇಕು. ಆ ಪುಟವನ್ನು ಪೂರ್ತಿ ತಿದ್ದಬೇಕು.

ಬಸ್ಸಿನ ಭಾಗವನ್ನು ಇಟ್ಟುಕೊಳ್ಳಿ, ‘ಅಮಾಯಕರು’ ಎಂದು ಬರೆದಲ್ಲೆಲ್ಲ ಅವರು ಯಾವ ಊರಿನವರು, ಏನು ಕೆಲಸ ಮಾಡುವವರು ಎಂದು ಬರೆಯಿರಿ. ತಿದ್ದಿದ ಪ್ರತಿಯನ್ನು ಅವಶ್ಯವಾಗಿ ಕಳುಹಿಸಿ, ಕಾಯುತ್ತೇನೆ.

ಇಂತಿ,
ಸಂಪಾದಕ