ಮೆಗಲೊಡಾನ್ ಎಂಬ ಅಳಿದುಹೋದ ದೈತ್ಯ ಶಾರ್ಕಿನ ಹಲ್ಲು ಸಮುದ್ರದ ತಳದಲ್ಲಿ ಸಿಗುವುದಾದರೂ ಹೇಗೆ? ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದು) ಕಲಿತವರೆಲ್ಲ ಹುಡುಕಬಹುದೇ?

ಶಾರ್ಕಿಗೆ ಗಟ್ಟಿ ಮೂಳೆಯಿಲ್ಲ, ಇರುವುದು ಮೃದ್ವಸ್ಥಿ. ಸತ್ತ ಮೇಲೆ ಅದು ಕೊಳೆತುಹೋಗುತ್ತದೆ, ಹಲ್ಲು ಉಳಿಯುತ್ತದೆ. ಒಂದೊಂದು ಶಾರ್ಕೂ ಬದುಕಿಡೀ ಸಾವಿರಾರು ಹಲ್ಲು ಉದುರಿಸುವುದರಿಂದ ಸರಕಿಗೆ ಬರವಿಲ್ಲ.

ಅಮೆರಿಕದ ನಾರ್ತ್ ಕೆರೊಲಿನಾ ಕರಾವಳಿಯಾಚೆ, ದಡದಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿ, ಸುಮಾರು 30 ಮೀಟರ್ ಆಳದಲ್ಲಿ ಇಂಥ ಹಲ್ಲು ಸಿಗುವ ಜಾಗಗಳಿವೆ. ಹಿಮಯುಗದಲ್ಲಿ ಸಮುದ್ರ 120 ಮೀಟರ್‌ನಷ್ಟು ಕೆಳಗಿಳಿದಿದ್ದಾಗ ಅದು ಒಣನೆಲ. ನದಿಗಳು ಹಳೆಯ ಪದರಗಳನ್ನು ಕೊರೆದು ಮಣ್ಣು ಒಯ್ದವು, ಭಾರದ ಹಲ್ಲುಗಳು ಜಲ್ಲಿಯ ಜೊತೆ ಅಲ್ಲೇ ಉಳಿದವು. ನಮ್ಮಜ್ಜಿ ಮೊರದಲ್ಲಿ ಅಕ್ಕಿ ಕೇರಿದ ಹಾಗೆಯೇ! ಮೆಗಲೊಡಾನ್ ಅಳಿದು ಸುಮಾರು 36 ಲಕ್ಷ ವರ್ಷಗಳಾದವು. ದೊಡ್ಡ ಹಲ್ಲು ಅಂಗೈ ತುಂಬುತ್ತದೆ.

ಆದರೆ ಅಲ್ಲಿ ಹುಡುಕುವುದು ಸ್ಕೂಬಾ ಕಲಿತ ಎಲ್ಲರಿಗೂ ಅಲ್ಲ. ಆ ಆಳದಲ್ಲಿ ಮಾಮೂಲಿ ಗಾಳಿಯ ಸಿಲಿಂಡರಿನಲ್ಲಿ ಸುರಕ್ಷಿತವಾಗಿ ಇರಬಹುದಾದದ್ದು ಸುಮಾರು 20 ನಿಮಿಷ. ಅದಕ್ಕೇ ಹಲವರು ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಬಳಸುತ್ತಾರೆ, ಅದಕ್ಕೂ ಬೇರೆ ತರಬೇತಿ ಬೇಕು. ಕೆದಕಿದರೆ ಕೆಸರೆದ್ದು ಏನೂ ಕಾಣದು. ದೋಣಿಯ ಲಂಗರಿಗೆ ಮರಳಲು ರೀಲಿನ ದಾರ ಕಟ್ಟಿಕೊಂಡೇ ಹೋಗಬೇಕು. ಹೊಸಬರಾದರೆ ಫ್ಲಾರಿಡಾದ ವೆನಿಸ್ ಮೇಲು, ಅಲ್ಲಿ 10 ಮೀಟರಿನೊಳಗೇ ಹಲ್ಲು ಸಿಗುತ್ತದೆ.