ಸಿಟಿಎಸ್-ವಿ ಇಂಟರ್‌ಕೂಲರ್: ಮೊದಲು ನೀರಿನ ಬಿಸಿ ನೋಡಿ, ಆಮೇಲೆ ಹಣ ಹಾಕಿ

ಡಲ್ಲಾಸ್‌ನವರ ಪ್ರಶ್ನೆ ಇಷ್ಟು. 2011ರ ಕ್ಯಾಡಿಲಾಕ್ ಸಿಟಿಎಸ್-ವಿ, ಎಂಜಿನ್‌ಗೆ ಯಾರೂ ಕೈ ಹಾಕಿಲ್ಲ. ಈ ಕಾರಿನ ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಒತ್ತಿದಾಗ ಬಿಸಿಯಾಗುವ ಆ ಇಂಟೇಕ್ ಗಾಳಿಯನ್ನು ಇಂಟರ್‌ಕೂಲರ್‌ನ ಕೋರ್‌ನಲ್ಲಿ ಹರಿಯುವ ನೀರು ತಣಿಸುತ್ತದೆ; ಆ ನೀರನ್ನು ಪಂಪ್ ಕಾರಿನ ಮುಂಭಾಗದ ಹೀಟ್ ಎಕ್ಸ್‌ಚೇಂಜರ್‌ಗೆ ತಳ್ಳುತ್ತದೆ, ಅಲ್ಲಿ ಹೊರಗಿನ ಗಾಳಿಗೆ ಅದು ತಣಿಯುತ್ತದೆ. ಜುಲೈ ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಇಂಟೇಕ್ ಗಾಳಿಯ ಉಷ್ಣತೆ 160 ಫ್ಯಾರನ್‌ಹೀಟ್, ಅಂದರೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆಮೇಲೆ ಎಷ್ಟು ಒತ್ತಿದರೂ ಕಾರು ಮಂಕಾಗಿ ಓಡುತ್ತದೆ. ದೊಡ್ಡ ಹೀಟ್ ಎಕ್ಸ್‌ಚೇಂಜರ್, ಹೊಸ ಪಂಪ್, ಡಿಕ್ಕಿಯಲ್ಲಿ ನೀರಿನ ಟ್ಯಾಂಕ್, ಇವುಗಳಲ್ಲಿ ಯಾವುದು ಮೊದಲು, ಕೂಲೆಂಟ್ (ತಣಿಸುವ ದ್ರವ) ಯಾವುದಿರಬೇಕು ಎಂದು ಕೇಳಿದ್ದಾರೆ. ಐಸ್ ಟ್ಯಾಂಕ್ ಹಾಕಿ ಎಂದು ಒಬ್ಬರು ಸಲಹೆಯನ್ನೂ ಕೊಟ್ಟಿದ್ದಾರೆ.

ಯಾವುದನ್ನೂ ಇನ್ನೂ ಕೊಳ್ಳಬೇಡಿ. ನಿಮ್ಮ ಬಳಿ ಇರುವುದು ಗಾಳಿಯ ಉಷ್ಣತೆ ಮಾತ್ರ, ನೀರಿನದು ಇಲ್ಲ. ಗಾಳಿ ಬಿಸಿಯಾಗಿದೆ ಎನ್ನುವುದು ರೋಗದ ಲಕ್ಷಣವೇ ಹೊರತು ಕಾರಣವಲ್ಲ. ಎರಡು ತಂತಿಯ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಇಂಟರ್‌ಕೂಲರ್ ಕೋರ್‌ಗೆ ನೀರು ಒಳಹೋಗುವ ಕಡೆ ಒಂದು, ಹೊರಬರುವ ಕಡೆ ಇನ್ನೊಂದು ತಂತಿಯನ್ನು ಲೋಹದ ಭಾಗಕ್ಕೆ ಒತ್ತಿ ಕಟ್ಟಿ, ಮೇಲೆ ಫೋಮ್ ಸುತ್ತಿ. ರಬ್ಬರ್ ಹೋಸ್ ಮೇಲೆ ಅಳೆದರೆ ಅಂಕಿ ತಡವಾಗಿಯೂ ಕಡಿಮೆಯಾಗಿಯೂ ಬರುತ್ತದೆ. ಪೂರ್ಣ ಥ್ರಾಟಲ್‌ನ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಿನ) ಅಳತೆಯನ್ನು ಹೈವೇಯಲ್ಲಿ ಮಾಡಬೇಡಿ. ನಿಮಗೆ ಎನ್ನಿಸ್‌ನ ಟೆಕ್ಸಾಸ್ ಮೋಟರ್‌ಪ್ಲೆಕ್ಸ್ ಡ್ರ್ಯಾಗ್ ಸ್ಟ್ರಿಪ್ (ನೇರ ಓಟದ ರೇಸ್ ಟ್ರ್ಯಾಕ್) ದೂರವೇನಲ್ಲ. ಸಾರ್ವಜನಿಕರಿಗೆ ಟ್ರ್ಯಾಕ್ ಬಿಡುವ ದಿನ ನೋಡಿಕೊಂಡು ಹೋಗಿ.

ಈ ನೀರಿನ ಮೇಲೆ ಬೀಳುವ ಹೊರೆ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕೋಣ. 38 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು 9 ಪಿಎಸ್‌ಐ ಬೂಸ್ಟ್‌ಗೆ (ವಾತಾವರಣಕ್ಕಿಂತ ಅಷ್ಟು ಹೆಚ್ಚಿನ ಒತ್ತಡಕ್ಕೆ) ಒತ್ತಿದರೆ, ಸೂಪರ್‌ಚಾರ್ಜರ್‌ನ ದಕ್ಷತೆ ಶೇ. 65 ಎಂದು ಹಿಡಿದರೂ ಗಾಳಿ ಹೊರಬರುವುದು 105 ಡಿಗ್ರಿಯ ಆಸುಪಾಸಿನಲ್ಲಿ. ಅದನ್ನು 55ಕ್ಕೆ ಇಳಿಸಬೇಕೆಂದರೆ, ನಿಮ್ಮ 556 ಅಶ್ವಶಕ್ತಿಯ ಎಂಜಿನ್ ಪೂರ್ತಿ ಉಸಿರೆಳೆಯುವಾಗ ನೀರು ಸುಮಾರು 20 ಕಿಲೋವಾಟ್ ಶಾಖ ಹೊರಬೇಕು. ನಿಮಿಷಕ್ಕೆ 20 ಲೀಟರ್ ಹರಿದರೆ ಕೋರ್ ದಾಟುವಷ್ಟರಲ್ಲಿ ನೀರು 16 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಹರಿವು 10 ಲೀಟರ್‌ಗೆ ಇಳಿದರೆ ಆ ಏರಿಕೆ ಇಮ್ಮಡಿ.

ಹಾಗಾಗಿ ಆ ಎರಡು ಅಂಕಿಗಳನ್ನು ಹೀಗೆ ಓದಿ. ಒಳಹೋಗುವ ನೀರು ತಂಪಾಗಿದ್ದು, ಹೊರಬರುವ ನೀರು 25–30 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಹರಿವು ಸಾಲದು: ಪಂಪ್, ಅದರ ವೈರಿಂಗ್, ಅಥವಾ ಒಳಗೆ ಸಿಕ್ಕಿಕೊಂಡ ಗಾಳಿ. ವ್ಯತ್ಯಾಸ ಚಿಕ್ಕದಿದ್ದು, ಒಳಹೋಗುವ ನೀರೇ ಹೊರಗಿನ ಗಾಳಿಗಿಂತ ಬಹಳ ಬಿಸಿಯಿದ್ದರೆ ಹೀಟ್ ಎಕ್ಸ್‌ಚೇಂಜರ್ ಸೋತಿದೆ. ನೀರು ತಂಪಾಗಿಯೇ ಇದೆ, ಹರಿವೂ ಸರಿಯಿದೆ, ಆದರೂ ಇಂಟೇಕ್ ಗಾಳಿ ಸುಡುತ್ತಿದೆ ಎಂದಾದರೆ ಕೋರ್ ಶಾಖವನ್ನು ದಾಟಿಸುತ್ತಿಲ್ಲ. ಆಗ ಮುಂದೆ ಎಷ್ಟು ದೊಡ್ಡ ಹೀಟ್ ಎಕ್ಸ್‌ಚೇಂಜರ್ ಕೂರಿಸಿದರೂ ಪ್ರಯೋಜನ ಅಲ್ಪ.

ಮಾರ್ಪಾಡು ಮಾಡದ ಸ್ಟಾಕ್ ಕಾರುಗಳಲ್ಲಿ ನಾನು ಮೊದಲು ಸಂಶಯಪಡುವುದು ಹರಿವನ್ನೇ. ಹತ್ತು ವರ್ಷ ದಾಟಿದ ಪಂಪ್ ತಿರುಗುತ್ತದೆ, ಸದ್ದೂ ಬರುತ್ತದೆ, ಆದರೆ ನೀರು ತಳ್ಳುವುದು ಅರ್ಧ. ಎಂಜಿನ್ ಓಡುತ್ತಿರುವಾಗ ಪಂಪ್‌ನ ಕನೆಕ್ಟರ್‌ನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ ಇರುವುದಕ್ಕಿಂತ ಒಂದು ವೋಲ್ಟ್ ಕಡಿಮೆಯಿದ್ದರೂ ವೈರ್, ರಿಲೇ, ಅರ್ಥ್ ಪರೀಕ್ಷಿಸಿ. ಸೂಪರ್‌ಚಾರ್ಜರ್‌ನ ಮೇಲ್ಮುಚ್ಚಳದೊಳಗಿನ ಕೋರ್ ಎತ್ತರದಲ್ಲಿರುವುದರಿಂದ ಗಾಳಿ ಗುಳ್ಳೆ ಅಲ್ಲಿಯೇ ನೆಲೆ ನಿಲ್ಲುತ್ತದೆ. ಸುಮ್ಮನೆ ಮೇಲಿನಿಂದ ಕೂಲೆಂಟ್ ಸುರಿದರೆ ಅದು ಹೊರಡುವುದಿಲ್ಲ. ನಿರ್ವಾತ ಎಳೆದು ತುಂಬಿಸುವ ಉಪಕರಣವಿದೆ, ಅದನ್ನೇ ಬಳಸಿ. ಪಂಪ್ ಬದಲಿಸಲೇಬೇಕಾದರೆ ಬ್ರಶ್ ಇಲ್ಲದ ಮೋಟರಿನದು ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಬರೆದ ಲೀಟರ್ ಲೆಕ್ಕವನ್ನು ನಂಬಬೇಡಿ, ಅದು ಎದುರೊತ್ತಡವೇ ಇಲ್ಲದಾಗಿನ ಹರಿವು. ಒತ್ತಡಕ್ಕೆ ತಕ್ಕಂತೆ ಹರಿವು ಹೇಗೆ ಇಳಿಯುತ್ತದೆ ಎಂಬ ನಕ್ಷೆ ಕೊಡದ ಮಾರಾಟಗಾರನಿಂದ ನಾನು ಪಂಪ್ ಕೊಳ್ಳುವುದಿಲ್ಲ.

ಹೀಟ್ ಎಕ್ಸ್‌ಚೇಂಜರ್ ವಿಷಯದಲ್ಲಿ ಜನ ದಪ್ಪಕ್ಕೆ ಮರುಳಾಗುತ್ತಾರೆ. ಬೇಕಾದದ್ದು ಅಗಲ ಮತ್ತು ಎತ್ತರ. ತೀರಾ ದಪ್ಪದ್ದು ಹಾಕಿದರೆ ಹಿಂದಿರುವ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಗಾಳಿ ಕಡಿಮೆಯಾಗಿ, ಹೋಗುವ ಗಾಳಿಯೂ ಬಿಸಿಯಾಗುತ್ತದೆ. ಟೆಕ್ಸಾಸ್ ಬೇಸಿಗೆಯಲ್ಲಿ ಎಸಿ ಕೈಕೊಟ್ಟರೆ ಮನೆಯವರು ಆ ಕಾರು ಹತ್ತುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕೂ ಮೊದಲು ಬಹುತೇಕ ಪುಕ್ಕಟೆ ಕೆಲಸವೊಂದಿದೆ. ಬಂಪರ್ ಬಿಚ್ಚಿ, ಕಲ್ಲು ಬಡಿದು ಮಡಚಿದ ತೆಳು ಲೋಹದ ಫಿನ್‌ಗಳನ್ನು ನೇರ ಮಾಡಿ, ಧೂಳು ತೊಳೆದು, ಹೀಟ್ ಎಕ್ಸ್‌ಚೇಂಜರ್‌ನ ಸುತ್ತಲಿನ ಸಂದುಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿ. ದಾರಿ ಬಿಟ್ಟರೆ ಗಾಳಿ ಪಕ್ಕದಿಂದಲೇ ನುಸುಳುತ್ತದೆ.

ಟ್ಯಾಂಕ್ ಎಂದರೆ ಸಾಲ ಇದ್ದಂತೆ. ಹತ್ತು ಲೀಟರ್ ಹೆಚ್ಚುವರಿ ನೀರು ಇದ್ದರೆ ಹತ್ತು ಸೆಕೆಂಡಿನ ಪೂರ್ಣ ಥ್ರಾಟಲ್‌ಗೆ ಆ ನೀರು ಐದಾರು ಡಿಗ್ರಿ ಮಾತ್ರ ಏರುತ್ತದೆ, ನಿಜ. ಆದರೆ ಪಡೆದದ್ದನ್ನು ತೀರಿಸಬೇಕಾದದ್ದು ಕಾರಿನ ಮುಂಭಾಗದ ಹೀಟ್ ಎಕ್ಸ್‌ಚೇಂಜರ್. ಮುಕ್ಕಾಲು ಗಂಟೆ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇಯಲ್ಲಿ ತೆವಳಿದ ಮೇಲೆ ಟ್ಯಾಂಕ್ ನೀರೂ ಬಿಸಿಯೇ, ಅದನ್ನು ತಣಿಸಲು ಈಗ ಇನ್ನಷ್ಟು ಹೊತ್ತು ಬೇಕು. ಐಸ್ ಕೂಡ ಹಾಗೆಯೇ. ಐದು ಕಿಲೋ ಐಸ್ ಕರಗುವಾಗ 1,670 ಕಿಲೋಜೌಲ್ ಹೀರುತ್ತದೆ, ಅಂದರೆ ಪೂರ್ಣ ಶಕ್ತಿಯ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಅದು ಹಬ್ಬ. ದಿನಾ ಕಚೇರಿಗೆ ಹೋಗುವ ಕಾರಿಗೆ ಬರೀ ತೂಕ. ಸಲಹೆ ಕೊಟ್ಟವರು ಬೇಸರಿಸಬಾರದು.

ಎಸಿಯ ಶೀತಕದಿಂದಲೇ ಇಂಟರ್‌ಕೂಲರ್ ನೀರನ್ನು ತಣಿಸುವ ಚಿಲ್ಲರ್ ಬೇರೆ ಮಾತು. 2018ರ ಡಾಜ್ ಡೀಮನ್‌ನಲ್ಲಿ ಕಾರ್ಖಾನೆಯಿಂದಲೇ ಆ ವ್ಯವಸ್ಥೆ ಬಂದಿತ್ತು. ನಿಂತು ನಿಂತು ಸಾಗುವ ಟ್ರಾಫಿಕ್‌ಗೆ ನಿಜಕ್ಕೂ ಉತ್ತರ ಅದೇ, ಏಕೆಂದರೆ ಬೀಸುವ ಗಾಳಿಯನ್ನು ನೆಚ್ಚದೆ, ಹೊರಗಿನ ಉಷ್ಣತೆಗಿಂತ ಕೆಳಗೂ ನೀರನ್ನು ಇಳಿಸಬಲ್ಲದು. ಆದರೆ ಕ್ಯಾಬಿನ್‌ನ ತಂಪಿನಲ್ಲಿ ಪಾಲು ಕೇಳುತ್ತದೆ, ಅಳವಡಿಸಲು ಎಸಿ ಬಲ್ಲ ಕೈ ಬೇಕು, ಬೆಲೆಯೂ ಜಾಸ್ತಿ. ನಿಮ್ಮ ಪಟ್ಟಿಯಲ್ಲಿ ಅದು ಕೊನೆಗಿರಲಿ. ಸೂಪರ್‌ಚಾರ್ಜರನ್ನು ಇನ್ನೂ ವೇಗವಾಗಿ ತಿರುಗಿಸುವ ಚಿಕ್ಕ ಪುಲ್ಲಿಯ ಆಸೆ ಅದಕ್ಕೂ ಆಚೆಗಿರಲಿ. ಶಾಖ ಸಾಗಿಸಲಾರದ ವ್ಯವಸ್ಥೆಗೆ ಇನ್ನಷ್ಟು ಶಾಖ ಸೇರಿಸಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿಯ ಟೈಮಿಂಗ್ ಹಿಂದೆಳೆದು ಗಳಿಸಿದ ಶಕ್ತಿಯನ್ನು ವಾಪಸು ಕಸಿಯುತ್ತದೆ.

ಟ್ರಾಫಿಕ್‌ನ ಆ 71 ಡಿಗ್ರಿಗೆ ಅತಿಯಾಗಿ ಹೆದರಬೇಡಿ. ಎಂಜಿನ್‌ನ ಎರಡು ಸಾಲುಗಳ ನಡುವೆ ಕುಳಿತ ಸೂಪರ್‌ಚಾರ್ಜರ್ ಕೆಳಗಿನಿಂದ ಬೇಯುತ್ತದೆ; ನಿಧಾನವಾಗಿ ಹರಿಯುವ ಗಾಳಿ, ಸೆನ್ಸರ್, ಎರಡೂ ಸುತ್ತಲಿನ ಅಲ್ಯೂಮಿನಿಯಮ್‌ನ ಬಿಸಿ ಹೀರುತ್ತವೆ. ರಸ್ತೆ ತೆರವಾದ ಮೇಲೆ ಎರಡು ಮೂರು ನಿಮಿಷದಲ್ಲಿ ಎಷ್ಟಕ್ಕೆ ಇಳಿಯುತ್ತದೆ, ಅದು ಮುಖ್ಯ.

ಕೂಲೆಂಟ್ ಬಗ್ಗೆ ಕೇಳಿದ್ದಿರಿ. ಅರ್ಧಕ್ಕರ್ಧ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಮಿಶ್ರಣ ಹೊರುವ ಶಾಖ ಬರಿ ನೀರಿಗಿಂತ ಲೀಟರಿಗೆ ಹತ್ತು ಪ್ರತಿಶತಕ್ಕೂ ಮಿಕ್ಕಿ ಕಡಿಮೆ, ಮೇಲಾಗಿ ಮಂದವಾಗಿ ಹರಿಯುತ್ತದೆ. ಹಾಗೆಂದು ಫೀನಿಕ್ಸ್‌ನವರಂತೆ ಬರಿ ನೀರು ತುಂಬಬೇಡಿ; 2021ರ ಫೆಬ್ರುವರಿಯಲ್ಲಿ ನಿಮ್ಮ ಊರು ಮೈನಸ್ 19 ಡಿಗ್ರಿ ಕಂಡಿದೆ. ಶೇ. 40 ಗ್ಲೈಕಾಲ್, ಉಳಿದದ್ದು ಡಿಸ್ಟಿಲ್ಡ್ ನೀರು. ಒಳಹೋಗುವ, ಹೊರಬರುವ ನೀರಿನ ಎರಡೂ ಅಂಕಿಗಳನ್ನು ಇಲ್ಲಿ ಹಾಕಿ. ನೋಡಿ, ಪಂಪೋ ಹೀಟ್ ಎಕ್ಸ್‌ಚೇಂಜರೋ ಹೇಳುತ್ತೇನೆ.